ದೋಣಿ ಬೇರೆ ಲೇಯರಿನಲ್ಲಿರಲಿ

ಮೊನ್ನೆ ಬ್ರಹ್ಮಾವರದ ಒಂದು ಕಾಲೇಜಿನವರು ಮಾತಾಡಲು ಕರೆದಿದ್ದರು. ಕಂಪ್ಯೂಟರಿನಲ್ಲಿ ನಿಸರ್ಗಚಿತ್ರ ಬರೆಯಲು ಕಲಿಯುತ್ತಿರುವ ಮಕ್ಕಳು. ನಾನು ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುವ ಮೊದಲೇ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಮೇಡಂ, ಲ್ಯಾಂಡ್‌ಸ್ಕೇಪಿಗೆ ಯಾವ ಬ್ರಷ್ ಡೌನ್‌ಲೋಡ್ ಮಾಡ್ಕಣ್ಕ್?"

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ಅದ್ ಆಮೇಲೆ. ನಿಮ್ಮನಿ ಹಿಂದೆ ಎಂತ ಮರ ಇತ್ತ್ ಹೇಳ್ ಕಾಂಬ" ಎಂದೆ. ಮರ ಇದೆ, ಯಾವುದೆಂದು ಗೊತ್ತಿಲ್ಲ ಎಂದಳು. ಉಳಿದವರೆಲ್ಲ ಗೊಳ್ಳೆಂದು ನಕ್ಕರು, ಹುಡುಗಿಯ ಮುಖ ಸಣ್ಣದಾಯಿತು. ಸಂಜೆ ಮನೆಗೆ ಬಂದು ಚಾ ಕುಡಿಯುವಾಗ ನನಗೇ ಬೇಜಾರಾಯಿತು. ಪಾಪ, ಅವಳು ಕೇಳಿದ್ದರಲ್ಲಿ ತಪ್ಪೇನಿತ್ತು? ಅವಳ ವಯಸ್ಸಿನಲ್ಲಿ ನಾನೂ ಯಾವ ಕುಂಚ, ಯಾವ ಕಂಪನಿಯ ಬಣ್ಣ ಎಂದೇ ಕೇಳುತ್ತಿದ್ದೆ. ಅವಳಿಗೆ ಅಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಸರೋಜ, ಸಾಲಿಗ್ರಾಮದವಳು. ದಿನಾ ಬಸ್ಸು ಹಿಡಿದು ಕುಂದಾಪುರದ ಒಂದು ಸ್ಟುಡಿಯೋಕ್ಕೆ ಹೋಗುತ್ತಿದ್ದೆ. ಮೊದಲು ಫೋಟೋ ತೆಗೆಸಿಕೊಳ್ಳುವವರ ಬೆನ್ನ ಹಿಂದೆ ತೂಗುಹಾಕುವ ಪರದೆಗಳನ್ನು ಕುಂಚದಲ್ಲಿ ಬರೆದೆ, ಆಮೇಲೆ ಅದೇ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಿದೆ. ಈಗ ಬಿಟ್ಟಿದ್ದೇನೆ. ಬೆಳಿಗ್ಗೆ ಎಂಟಕ್ಕೆ ಹೈವೇ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿದರೆ ಕಾಲು ಈಗಲೂ ಚಪ್ಪಲಿ ಹುಡುಕುತ್ತದೆ.

ಸ್ಟುಡಿಯೋದ ಯಜಮಾನರನ್ನು ನಾವು ಮಾಸ್ಟ್ರು ಎನ್ನುತ್ತಿದ್ದೆವು. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಸದಾ ಎಲೆ ಅಡಿಕೆ ಜಗಿಯುವ, ಹೊಗಳಿಕೆ ಎಂಬುದು ಬಾಯಲ್ಲೇ ಬಾರದ ಮನುಷ್ಯ. ಸೇರಿದ ಹೊಸದರಲ್ಲಿ ನನ್ನನ್ನು ಯಾವುದೋ ಸಾಮಾನು ತರಲು ಬೈಂದೂರಿಗೆ ಕಳಿಸಿದರು. ಹೊರಡುವಾಗ, "ಬಸ್ಸಗೆ ಬಲಬದಿ ಕಿಟ್ಕಿ ಹತ್ರ ಕೂಕೋ. ಘಟ್ಟ ಎಂತ ಬಣ್ಣ ಕಂಡ್ಕಂಡ್ ಬಾ" ಎಂದರು. ಬಂದು "ಹಸಿರು" ಎಂದೆ.

"ಹಸ್ರ್ ಅಂದೇಳಿ ಯಾರ್ ಹೇಳ್ರ್ ನಿಂಗೆ? ಮರ ಹಸ್ರ್ ಅಂದೇಳಿ ಗೊತ್ತಿತ್ತ್, ಹಾಂಗಾಯಿ ಹೇಳ್ದೆ. ನೀನ್ ಕಂಡ್ದೇ ಇಲ್ಲೆ ಮಾರಾಯ್ತಿ."

ಮರುದಿನ ಸಾಮಾನಿಲ್ಲ, ಎಂತದೂ ಇಲ್ಲ, ಘಟ್ಟ ನೋಡಲಿಕ್ಕೆಂದೇ ಮತ್ತೆ ಕಳಿಸಿದರು. ಆ ದಿನ ಕಣ್ಣು ಕೀಲಿಸಿ ಕೂತೆ. ಹತ್ತಿರದ ಗುಡ್ಡದಲ್ಲಷ್ಟೇ ಹಸಿರು. ಅದರ ಹಿಂದಿನದು ಬೂದಿ ಬೆರೆತ ನೀಲಿ. ಅದಕ್ಕೂ ಹಿಂದಿನದು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತೆಂದೇ ತಿಳಿಯದಷ್ಟು ತೆಳು. ಬಂದು ಹೇಳಿದಾಗ ಮಾಸ್ಟ್ರು ತಲೆ ಆಡಿಸಿದರು. "ಹ್ಞಾಂ. ಇನ್ ಕಣ್ ಅರ್ಧ ಮುಚ್ಕಂಡ್ ಕಾಂಬುಕ್ ಕಲಿ" ಎಂದರು. ಕಣ್ಣು ಅರೆ ಮುಚ್ಚಿದರೆ ಎಲೆ, ಕಡ್ಡಿ, ಹಂಚು ಎಲ್ಲ ಮಾಯವಾಗಿ ಬೆಳಕು ಎಲ್ಲಿ, ಕತ್ತಲು ಎಲ್ಲಿ ಎಂಬುದು ಮಾತ್ರ ಉಳಿಯುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಚಿತ್ರವನ್ನು ಕಪ್ಪು ಬಿಳುಪು ಮಾಡಿ ನೋಡುವ ಗುಂಡಿ ಇದೆಯಲ್ಲ, ಅದು ಮಾಡುವುದೂ ಇದನ್ನೇ. ಬಣ್ಣ ತೆಗೆದ ಮೇಲೂ ದೂರ ಯಾವುದು, ಹತ್ತಿರ ಯಾವುದು ಎಂದು ತಿಳಿಯದಿದ್ದರೆ ಬಣ್ಣ ಎಷ್ಟು ಮೆತ್ತಿದರೂ ಆ ಚಿತ್ರ ಏಳುವುದಿಲ್ಲ.

ಕಂಪ್ಯೂಟರ್ ತಂದವರೂ ಮಾಸ್ಟ್ರೇ, ಅದಕ್ಕೆ ದಿನಾ ಶಾಪ ಹಾಕಿದವರೂ ಅವರೇ. "ಇದ್ರಗೆ ಬಣ್ಣದ್ ಪರಿಮಳವೇ ಇಲ್ಲ್ಯಲೆ" ಎಂದು ನನ್ನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ಕೂರುತ್ತಿದ್ದರು. ತಪ್ಪು ಗೆರೆ ಎಳೆದರೆ ಒಂದು ಗುಂಡಿ ಒತ್ತಿ ಅಳಿಸಬಹುದು ಎಂದು ತೋರಿಸಿದ ದಿನ ಬಾಯಿ ತೆರೆದುಕೊಂಡು ನೋಡಿದರು. ಎರಡೇ ವಾರ. ಆಮೇಲೆ ಅದೇ ಗುಂಡಿಯ ಮೇಲೆ ಅವರಿಗೆ ಹಗೆ ಹುಟ್ಟಿತು. ನಾನು ಗೆರೆ ಎಳೆಯುವುದು, ಅಳಿಸುವುದು, ಎಳೆಯುವುದು, ಅಳಿಸುವುದು. "ನಿನ್ ಕೈಗೆ ಹೆದ್ರಿಕಿ ಹೊಕ್ಕಿತ್" ಎಂದರು. ಶನಿವಾರ ಮಧ್ಯಾಹ್ನ ಆ ಗುಂಡಿ ಮುಟ್ಟದೆ ಒಂದು ಚಿತ್ರ ಮುಗಿಸಬೇಕೆಂದು ಕಟ್ಟಳೆ ಮಾಡಿದರು. ಆ ಶನಿವಾರದ ಚಿತ್ರಗಳು ಒಂದೊಂದೂ ದರಿದ್ರವಾಗಿದ್ದವು, ಸುಳ್ಳು ಹೇಳುವುದಿಲ್ಲ. ಆದರೆ ಸೋಮವಾರದ ಚಿತ್ರಗಳು ನೆಟ್ಟಗಾಗುತ್ತ ಬಂದವು. ಬ್ರಷ್ ಕೇಳಿದ ಹುಡುಗಿಗೆ ನಾನು ಮೊದಲು ಹೇಳಬೇಕಾಗಿದ್ದದ್ದು ಇದು.

ಫಜೀತಿಗಳಿಗೇನೂ ಬರಗಾಲವಿರಲಿಲ್ಲ. ಬೈಂದೂರು ಕಡೆಯ ಒಂದು ಮದುವೆ ಹಾಲಿಗೆ ಗೋಡೆ ಅಗಲದ ಸಮುದ್ರ ಮಾಡಿಕೊಟ್ಟೆ. ಕಂಪ್ಯೂಟರಿನ ಪರದೆಯ ಮೇಲೆ ಮಿಂಚುವ ಹಸಿರುನೀಲಿ ನೀರು, ನೋಡಿ ನೋಡಿ ನಾನೇ ಮರುಳಾಗಿದ್ದೆ. ಪ್ರಿಂಟಾಗಿ ಗೋಡೆ ಏರಿದಾಗ ಆ ನೀರಿನ ಜೀವವೇ ಹೋಗಿತ್ತು. ಕಂಪ್ಯೂಟರ್ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರಿಂಟರ್ ಶಾಯಿಯಿಂದ. ಆ ಹೊಳೆಯುವ ಹಸಿರು ಶಾಯಿಯಲ್ಲಿ ಹುಟ್ಟುವುದೇ ಇಲ್ಲ. ಹಾಲಿನ ಯಜಮಾನರು ಸೊಂಟಕ್ಕೆ ಕೈ ಕೊಟ್ಟು ನಿಂತು, "ಇದ್ ಸಮುದ್ರವಾ, ಪಾಚಿ ಕಟ್ಟದ್ ಕೆರಿಯಾ?" ಎಂದರು. ಅವರ ಹೆಂಡತಿ ಇನ್ನೂ ಹತ್ತಿರ ಹೋಗಿ ದಡದ ತೆಂಗಿನಮರಗಳನ್ನು ನೋಡಿದರು. ಎಡಕ್ಕೆ ಒಣಗಿದ ಗರಿಯೊಂದು ಜೋತ ಮರ ಬರೆದು ಉಳಿದದ್ದಕ್ಕೆಲ್ಲ ಅದನ್ನೇ ಅಂಟಿಸಿದ್ದೆ. "ಹ್ವಾಯ್, ಎಲ್ಲ ಮರದ್ದೂ ಎಡಬದಿ ಮಡ್ಲೇ ಒಣ್ಗಿತಲೆ! ಎಂತ ರೋಗ ಬಂದದ್?" ಎಂದರು. ಮಾಸ್ಟ್ರು ಬಸ್ಸಿನಲ್ಲಿ ಬೈಂದೂರಿನಿಂದ ಕುಂದಾಪುರದವರೆಗೂ ನಕ್ಕರು. ಅಂದಿನಿಂದ ಕೈಯಳತೆಯ ಒಂದು ತುಂಡನ್ನಾದರೂ ಮೊದಲು ಪ್ರಿಂಟು ತೆಗೆಯದೆ ನಾನು ಯಾವ ಚಿತ್ರವನ್ನೂ ಕೊಡಲಿಲ್ಲ. ಮರ ಅಂಟಿಸುವುದನ್ನೂ ಬಿಟ್ಟೆ.

ನಮ್ಮ ಕಡೆಯವರು ಮುಂಬೈಯಲ್ಲಿ ಹೋಟೆಲು ಹಾಕಿದರೆ ಗೋಡೆಗೆ ಊರಿನ ಚಿತ್ರವೊಂದು ಬೇಕೇ ಬೇಕು. ಅಂಥವು ಎಷ್ಟು ಮಾಡಿದ್ದೇನೋ ನೆನಪಿಲ್ಲ. ಒಂದನ್ನು ಮಾತ್ರ ಇನ್ನೂ ಮಾಡುತ್ತಿದ್ದೇನೆ. ಅದು ಜಲಜಕ್ಕನ ಚಿತ್ರ.

ಜಲಜಕ್ಕ ಗುಲ್ವಾಡಿಯ ಹೊಳೆಬದಿಯಲ್ಲಿ ಹುಟ್ಟಿ, ಮದುವೆಯಾಗಿ ಮುಂಬೈ ಸೇರಿ, ಅಲ್ಲಿ ಊಟದ ಮೆಸ್ಸು ನಡೆಸಿಕೊಂಡಿದ್ದವರು. ಯಾರದೋ ಹೋಟೆಲಿನ ಗೋಡೆಯಲ್ಲಿ ನನ್ನ ಚಿತ್ರ ನೋಡಿ ಫೋನು ಮಾಡಿದರು.

"ನಂಗೆ ನಮ್ಮನಿ ಹೊಳಿ ಮಾಡಿಕೊಡ್ಕ್. ಬೇಗ ಆಯ್ಕ್ ಮಾರಾಯ್ತಿ. ಕಣ್ ಹೋತಾ ಇತ್ತ್."

ನೋಟ ಅಂಚಿನಿಂದ ಮುಚ್ಚಿಕೊಂಡು ಬರುವ ಕಾಯಿಲೆ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಆದಷ್ಟು ದಿನ ಉಳಿಸಿಕೊಳ್ಳುವುದು ಅಷ್ಟೇ ಎಂದಿದ್ದರಂತೆ ಡಾಕ್ಟರು. ತವರುಮನೆ ಪಾಲಾಗಿ, ಕೊಂಡವರು ಅದನ್ನು ಕೆಡವಿಯೂ ಆಗಿತ್ತು. ಒಂದು ಫೋಟೋ ಕೂಡ ಇರಲಿಲ್ಲ. "ಕಣ್ ಇಪ್ಪತಿಗೆ ಒಂದ್ಸಲಿ ಕಾಣ್ಕ್. ಮತ್ತೆಂತದೂ ಬ್ಯಾಡ ನಂಗೆ" ಎಂದರು. ಆ ಮಾತಿನಲ್ಲಿ ಅಳು ಇರಲಿಲ್ಲ, ಅವಸರ ಇತ್ತು.

ಗುಲ್ವಾಡಿಗೆ ಹೋದೆ. ಮನೆಯ ಪಂಚಾಂಗ, ಅಂದರೆ ಅಡಿಪಾಯದ ಕಲ್ಲು, ಮಾತ್ರ ಹುಲ್ಲಿನಲ್ಲಿ ಹುಗಿದುಕೊಂಡಿತ್ತು. ಆ ಕಲ್ಲಿನ ಮೇಲೆ ಕೂತು ಎದುರಿನ ಹೊಳೆ, ನಡುವಿನ ಕುದ್ರು, ಆಚೆ ದಡದ ತೆಂಗಿನ ಸಾಲು ಎಲ್ಲ ಬರೆದುಕೊಂಡು ಬಂದೆ. ಕುದ್ರು ಎಂದರೆ ಹೊಳೆಯ ನಡುವಿನ ದ್ವೀಪ, ಆ ಹೊಳೆಯಲ್ಲಿ ಅಂಥದೊಂದು ಪುಟ್ಟದಿದೆ. ಚಿತ್ರ ಚೆನ್ನಾಗಿ ಬಂತು. ಈಚೆ ದಡದಲ್ಲಿ ಕಟ್ಟಿದ ದೋಣಿಯನ್ನೂ ಇಟ್ಟೆ. ಸ್ಟುಡಿಯೋ ಪರದೆಯಲ್ಲಿ ದೋಣಿಯನ್ನು ಯಾವತ್ತೂ ಈಚೆ ದಡದಲ್ಲೇ ಬರೆದು ಅಭ್ಯಾಸ, ಗಂಡ ಹೆಂಡತಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕಲ್ಲ. ಮೊಬೈಲಿಗೆ ಕಳಿಸಿದೆ.

"ಚಂದ ಇತ್ತ್. ಆರೆ ಹತ್ರ ಆಯ್ತ್" ಎಂದರು.

ಮರಗಳನ್ನು ಸಣ್ಣ ಮಾಡಿ, ಹೊಳೆ ಅಗಲ ಮಾಡಿ ಕಳಿಸಿದೆ. ಹತ್ತಿರ ಆಯಿತು ಎಂದರು. ಆಚೆ ದಡಕ್ಕೆ ಮಂಜು ಕವಿಸಿ ಕಳಿಸಿದೆ. ಅದಕ್ಕೂ ಅದೇ ಮಾತು. ನನ್ನ ಮೂಗಿನ ತುದಿ ಕೆಂಪಾಯಿತು.

"ಜಲಜಕ್ಕ, ಹೊಳಿ ನಿಮ್ಮನಿ ಅಂಗ್ಳದ್ ಬುಡ್ದಗೇ ಇತ್ತ್. ಇನ್ನೆಷ್ಟ್ ದೂರ ಮಾಡ್ಕ್ ನಾನ್?"

"ಅಂಗ್ಳದಗೆ ಯಾರ್ ನಿಂತದ್?"

"ನೀವೇ ಅಲ್ದಾ?"

"ನಾನ್ ಎಂತಕ್ ಅಲ್ ನಿಲ್ಲಲಿ? ನಾನ್ ಇಪ್ಪುದ್ ಆಚಿ ಬದಿಯಗೆ! ದೋಣಿ ಕಾಯ್ತಾ ಇದ್ದೆ."

ಆಮೇಲೆ ನಿಧಾನವಾಗಿ ಹೇಳಿದರು. ವರ್ಷಕ್ಕೊಂದು ಸಲ ಮುಂಬೈಯಿಂದ ಬಸ್ಸಿನಲ್ಲಿ ಬರುವುದು. ಬೆಳಿಗ್ಗೆ ಆಚೆ ದಡದಲ್ಲಿ ಟ್ರಂಕು ಇಳಿಸಿ, ಬಾಯಿಗೆ ಎರಡೂ ಕೈ ಹಿಡಿದು, "ಹ್ವಾಯ್, ದೋಣೀ" ಎಂದು ಕೂಗುವುದು. ಹೊಳೆಯಾಚೆ ಮನೆ ಬೆರಳಿನಷ್ಟು ಕಾಣುತ್ತದೆ. ಬಚ್ಚಲ ಒಲೆಯಿಂದ ಹೊಗೆ ಏಳುತ್ತಿದ್ದರೆ ಅಮ್ಮ ತನಗಾಗಿ ನೀರು ಕಾಯಿಸುತ್ತಿದ್ದಾಳೆ ಎಂದು ಅರ್ಥ. ಅದನ್ನು ನೋಡುತ್ತ ಟ್ರಂಕಿನ ಮೇಲೆ ಕೂರುವುದು.

"ಮನಿ ಒಳ್ಗೆ ಹೊಕ್ಕ್ರೆ ಮುಗೀತ್. ನೆರೆಕರಿಯವ್ರ್ ಬತ್ರ್, ಅಡ್ಗಿ ಕೆಲ್ಸ, ಗಂಡನ್ ಮನಿ ಸುದ್ದಿ. ಯಾವಾಗ ಹೋಪುದ್ ಅಂದೇಳಿ ಕೇಂಬುಕ್ ಶುರು ಮಾಡ್ತ್ರ್. ದೋಣಿ ಬಪ್ಪಲ್ಲಿವರಿಗೆ ನಾನ್ ಬರೀ ಮಗಳ್."

ಮೊದಲೇ ಕೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು, ಎಲ್ಲಿ ನಿಂತು ನೋಡಿದ್ದು ಎಂದು. ಮನೆಯ ಚಿತ್ರ ಎಂದರೆ ಮನೆಯಿಂದಲೇ ನೋಡಿದ್ದು ಎಂದುಕೊಂಡುಬಿಟ್ಟಿದ್ದೆ. ನಾನೂ ಮದುವೆಯಾಗಿ ಹೋದವಳೇ, ನನಗಾದರೂ ಹೊಳೆಯಬೇಕಿತ್ತು. ಮಕ್ಕಳೇ, ಯಾವುದೇ ನಿಸರ್ಗಚಿತ್ರ ಶುರುಮಾಡುವ ಮೊದಲು ನೋಡುವವರು ಎಲ್ಲಿದ್ದಾರೆ, ನಿಂತಿದ್ದಾರೋ ಕೂತಿದ್ದಾರೋ ಎಂದು ಗಟ್ಟಿ ಮಾಡಿಕೊಳ್ಳಿ. ದಿಗಂತದ ಗೆರೆ ಬರುವುದು ಅವರ ಕಣ್ಣಿನ ಮಟ್ಟಕ್ಕೆ. ಡ್ರೋನ್ ಫೋಟೋ ಇಟ್ಟುಕೊಂಡು ಬರೆದರೆ ಹದ್ದಿನ ಚಿತ್ರ ಆಗುತ್ತದೆ, ಮನುಷ್ಯರದ್ದಲ್ಲ.

ಈ ಸಲ ಸುತ್ತು ಬಳಸಿ ಆಚೆ ದಡಕ್ಕೆ ಹೋದೆ. ಈಗ ಅಲ್ಲಿ ದೋಣಿಯಿಲ್ಲ, ಕೂಗುವವರೂ ಇಲ್ಲ. ಟ್ರಂಕಿನ ಎತ್ತರದ ಕಲ್ಲೊಂದು ಹುಡುಕಿ ಕೂತೆ. ಕೂತಾಗ ನೀರು ಕಣ್ಣಿಗೆ ಎಷ್ಟು ಹತ್ತಿರ, ಮನೆಯಿದ್ದ ಜಾಗ ಎಷ್ಟು ದೂರ! ಬೆಳಗಿನ ಬಿಸಿಲು ಓರೆಯಾಗಿ ಬಿದ್ದು ನೀರು ಬೆಳ್ಳಗೆ, ಮರಗಳು ಕಪ್ಪಗೆ. ಮಾಸ್ಟ್ರು ಹೇಳಿದಂತೆ ಕಣ್ಣು ಅರೆ ಮುಚ್ಚಿದೆ. ಆಮೇಲೆ ಮುಷ್ಟಿಯನ್ನು ಕೊಳವೆಯಂತೆ ಮಾಡಿ ಅದರೊಳಗಿಂದ ನೋಡಿದೆ. ಜಲಜಕ್ಕನ ಕಣ್ಣಿಗೆ ಜಗತ್ತು ಈಗ ಅಷ್ಟೇ ಇತ್ತಲ್ಲ. ಮುಖ್ಯವಾದದ್ದನ್ನು ನಡುವೆ ಇಡಬೇಡಿ, ಮೂರರಲ್ಲೊಂದು ಪಾಲು ಬಿಟ್ಟು ಇಡಿ ಎಂದು ನಿಮಗೆ ಕಲಿಸುತ್ತಾರೆ, ನಾನೂ ಕಲಿಸಿದ್ದೇನೆ. ಆ ದಿನ ಅದನ್ನು ಹೊಳೆಗೆ ಹಾಕಿ ಮನೆಯನ್ನು ನಟ್ಟನಡುವೆ ಇಟ್ಟೆ. ಹಂಚಿಗೆ ಒಂದು ಚೂರು ಕೆಂಪು. ಹಿಂದಿನ ಮರಗಳನ್ನು ಎಷ್ಟು ಸಾಧ್ಯವೋ ಅಷ್ಟು ಕಪ್ಪು ಮಾಡಿ, ಅದರ ಮೇಲೆ ಬಿಳಿ ಹೊಗೆಯ ಎಳೆ. ಅವರಿಗೆ ಹೊಗೆ ಕಾಣಲೇಬೇಕಿತ್ತು. ಅಂಚುಗಳನ್ನು ಬರೀ ಬಣ್ಣ ಹರಡಿ ಬಿಟ್ಟೆ.

ದೋಣಿಯನ್ನು ಆಚೆ ಮನೆಯ ಕೆಳಗೆ, ಆಗಷ್ಟೇ ಹೊರಟಂತೆ ಬರೆದೆ. ಒಳಗೆ ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ ಹಾಕಿದ ಒಬ್ಬ ಮನುಷ್ಯ, ಅಕ್ಕಿಕಾಳಿನಷ್ಟು. ಅದನ್ನು ಬೇರೆ ಲೇಯರಿನಲ್ಲಿಟ್ಟೆ. ಒಂದರ ಮೇಲೊಂದು ಗಾಜಿಟ್ಟು ಬರೆದಂತೆ ಅದು, ಒಂದನ್ನು ಸರಿಸಿದರೆ ಇನ್ನೊಂದು ಕೆಡುವುದಿಲ್ಲ. ವಿಶೇಷ ಯೋಚನೆಯೇನೂ ಇರಲಿಲ್ಲ. ಚಲಿಸುವ ವಸ್ತು ಬೇರೆ ಇರಲಿ ಎಂಬ ಅಭ್ಯಾಸ.

ಚಿತ್ರ ಮೆಸ್ಸಿನ ಗೋಡೆ ಏರಿದ ದಿನ ಜಲಜಕ್ಕನ ಫೋನು ಬಂತು. ಮೂಗು ಸೀಟಿದ್ದು ಕೇಳಿಸಿತು.

"ಸರೋಜಾ... ನಾನ್ ಕೂಗಿಬಿಟ್ಟೆ ಮಾರಾಯ್ತಿ. ಹ್ವಾಯ್ ದೋಣೀ ಅಂದೇಳಿ. ಊಟಕ್ ಕೂಕಂಡವ್ರೆಲ್ಲ ತಿರ್ಗಿ ಕಂಡ್ರ್."

ಮಾಸ್ಟ್ರಿಗೆ ಹೇಳಿದೆ. ಆಗ ಅವರು ಸ್ಟೂಲಿನ ಮೇಲೆ ಕೂರಲಾರದಷ್ಟು ಸೋತಿದ್ದರು, ಗೋಡೆಗೆ ಒರಗಿ ಕುರ್ಚಿಯಲ್ಲಿ ಕೂತಿರುತ್ತಿದ್ದರು. ಚಿತ್ರವನ್ನು ತೆರೆದು ತೋರಿಸಿದೆ. ಕಣ್ಣು ಅರೆ ಮುಚ್ಚಿ ನೋಡಿದರು. "ಅಡ್ಡಿ ಇಲ್ಲೆ" ಎಂದರು. ಅವರ ಬಾಯಿಯಿಂದ ನಾನು ಕೇಳಿದ ಒಂದೇ ಒಂದು ಹೊಗಳಿಕೆ ಅದು. ಆ ಮಳೆಗಾಲದಲ್ಲಿ ಅವರು ಹೋದರು. ಬಣ್ಣದ ಡಬ್ಬಿಗಳೆಲ್ಲ ಒಣಗಿದ್ದವು, ಆದರೂ ಎಷ್ಟೋ ದಿನ ಅವುಗಳ ಮುಚ್ಚಳ ತೆಗೆದು ಮೂಸುತ್ತಿದ್ದೆ.

ಮರುವರ್ಷ ಜಲಜಕ್ಕ ಫೋನಿನಲ್ಲಿ ಮೆಲ್ಲಗೆ ಕೇಳಿದರು. "ಮನಿ ಕಾಂತ್, ಹೊಗಿ ಕಾಂತ್. ದೋಣಿ ಕಾಂತಿಲ್ಲೆ. ಅಳ್ಸಿಹೋಯ್ತಾ?"

ಅಳಿಸಿರಲಿಲ್ಲ. ಅಕ್ಕಿಕಾಳಿನಷ್ಟರದ್ದು ಅವರ ಕಣ್ಣಿಗೆ ಸಿಕ್ಕುವುದು ನಿಂತಿತ್ತು. ಹಾಗೆಂದು ಹೇಳಲು ನನ್ನ ನಾಲಗೆ ಏಳಲಿಲ್ಲ. "ಇತ್ತ್ ಅಕ್ಕ. ಕುದ್ರಿನ ಮರಿಗ್ ಹೋಯಿತ್. ಇನ್ನೊಂದ್ ವಾರದಗೆ ಈಚಿಗ್ ಬತ್ತ್" ಎಂದೆ. ಫೈಲು ತೆರೆದು ದೋಣಿಯನ್ನು ಕುದ್ರಿನ ಈಚೆಗೆ ತಂದು, ದೊಡ್ಡದು ಮಾಡಿ, ಹೊಸ ಪ್ರಿಂಟು ಕಳಿಸಿದೆ. ಸುಮ್ಮನೆ ಎಳೆದು ಹಿಗ್ಗಿಸಿದರೆ ಆಗುವುದಿಲ್ಲ, ನೆನಪಿಡಿ. ಹತ್ತಿರ ಬಂದ ದೋಣಿಯ ಬಣ್ಣ ಗಾಢವಾಗಬೇಕು, ನೀರಿನಲ್ಲಿ ಅದರ ನೆರಳು ಬೇರೆ ಬೀಳಬೇಕು, ಅಲೆ ಒಡೆಯಬೇಕು. ದೋಣಿಯವನಿಗೂ ಮುಖ ಬೇಕಾಗುತ್ತದೆ.

"ದೋಣಿಯವ್ರ್ ಹ್ಯಾಂಗಿದ್ರ್ ಅಕ್ಕ?" ಎಂದು ಕೇಳಿದೆ.

"ಕುಷ್ಟಣ್ಣ! ಕಪ್ಪ್ ಮನ್ಷ್ಯ, ಗಿಡ್ಡ. ಸದಾ ಬೈಗಳ. ‘ಬಂದ್ಯಾ? ಮುಂಬೈಯಗೆ ಕೂಳ್ ಇಲ್ಯಾ ನಿಂಗೆ?’ ಅಂಬುದ್. ಟ್ರಂಕ್ ಮಾತ್ರ ನನ್ ಕೈಯಗೆ ಹೊರ್ಸಿದ್ದೇ ಇಲ್ಲೆ" ಎಂದು ನಕ್ಕರು.

ಹಾಗೆ ವರ್ಷ ವರ್ಷ ದೋಣಿ ಬಂತು. ಹೊಳೆಯ ನಡುವಿಗೆ ಬಂತು. ಮನೆಗೆ ಅಡ್ಡವಾಗುತ್ತದೆಂದು ಸ್ವಲ್ಪ ಬಲಕ್ಕೆ ಸರಿಸಿದೆ. ಕುಷ್ಟಣ್ಣನ ಮುಟ್ಟಾಳೆಯ ಹರಕು ಬಂತು, ಗಲ್ಲದ ಬಿಳಿ ಗಡ್ಡ ಬಂತು. ನಾನು ಕೆಲಸ ಬಿಟ್ಟೆ, ಸ್ಟುಡಿಯೋದವರು ಹಳೆಯ ಕಂಪ್ಯೂಟರನ್ನು ನನಗೇ ಕೊಟ್ಟರು. ಈಗ ಒಂದು ಸಾಲು ಬರೆದರೆ ಯಂತ್ರವೇ ಚಿತ್ರ ಮಾಡಿಕೊಡುತ್ತದೆ. ನಾನೂ ಒಮ್ಮೆ ‘ಗುಲ್ವಾಡಿಯ ಹೊಳೆ, ದೋಣಿಯ ಕಡವು, ಬೆಳಗು’ ಎಂದು ಬರೆದು ನೋಡಿದೆ. ಹೂವಿನ ಹಾರ ಹಾಕಿದ ಎಂತದೋ ಪ್ರವಾಸಿ ಬೋಟು ಬಂತು. ಚಂದವೇ ಇತ್ತು. ಅದು ಕುಷ್ಟಣ್ಣನ ಬಗ್ಗೆ ಯಾರನ್ನೂ ಕೇಳಿ ತಿಳಿದುಕೊಂಡಿರಲಿಲ್ಲ, ಅಷ್ಟೇ.

ಈ ವರ್ಷ ಜಲಜಕ್ಕನ ಕಣ್ಣಿಗೆ ಬೆಳಕು ಯಾವುದು, ಕತ್ತಲು ಯಾವುದು ಎಂಬುದಷ್ಟೇ ಉಳಿದಿದೆ. ಅದೂ ಅದೇ ಕೊಳವೆಯ ನಡುವೆ. ಮೆಸ್ಸನ್ನು ಸೊಸೆ ನೋಡಿಕೊಳ್ಳುತ್ತಾಳೆ. ಅವರ ಕುರ್ಚಿಯನ್ನು ಚಿತ್ರದ ಎದುರಿಗೇ ಹಾಕಿದ್ದಾರಂತೆ. ಹೋದ ತಿಂಗಳು ಫೋನು ಬಂತು.

"ದೋಣಿ ಇನ್ನೊಂಚೂರ್ ಹತ್ರ ತಾ ಸರೋಜಾ."

ಫೈಲು ತೆರೆದೆ. ಇನ್ನು ಸರಿಸಿದರೆ ದಡಕ್ಕೆ ತಾಗುತ್ತದೆ. ತಾಗಿದರೆ ಹತ್ತಬೇಕು, ಹತ್ತಿದರೆ ಹೋಗಬೇಕು, ಕಾಯುವುದು ಮುಗಿದೇ ಹೋಯಿತು. ಮೂರು ದಿನ ತೆರೆದಿಟ್ಟುಕೊಂಡು ಕೂತೆ. ಸರಿಸುವುದು, ಅಳಿಸುವುದು. ಮಾಸ್ಟ್ರು ಇದ್ದಿದ್ದರೆ ಬೈಯುತ್ತಿದ್ದರು, ಕೈಗೆ ಹೆದರಿಕೆ ಹೊಕ್ಕಿದೆ ಎಂದು. ಹೊಕ್ಕಿತ್ತು, ನಿಜ. ಕೊನೆಗೆ ದೋಣಿಯ ಮೂತಿಗೂ ದಡಕ್ಕೂ ನಡುವೆ ಬೆಳ್ಳಗಿನ ನೀರು ಒಂದಿಷ್ಟು ಉಳಿಸಿ ಕಳಿಸಿದೆ.

ನಿನ್ನೆ ಸೊಸೆ ಫೋನು ಹಚ್ಚಿ ಅತ್ತೆಯ ಕೈಗೆ ಕೊಟ್ಟಳು. ಗೋಡೆಯ ಮೇಲೆ ಅಂಗೈ ಸವರುವ ಸದ್ದು ಕೇಳಿಸುತ್ತಿತ್ತು.

"ಬೆಳ್ಳಗ್ ಎಂತದೋ ಕಾಂತ್. ನೀರಾ?"

"ನೀರೇ ಅಕ್ಕ."

"ದೋಣಿ ತಾಗಿತಾ?"

"ಇಲ್ಲೆ. ಇನ್ ಒಂದ್ ಮಾರ್ ನೀರಿತ್ತ್."

"ಒಲಿ ಹೊಗಿ?"

"ಇತ್ತ್. ಏಳ್ತಾ ಇತ್ತ್."

ಕುರ್ಚಿಗೆ ಒರಗಿಕೊಂಡ ಸದ್ದು ಕೇಳಿಸಿತು.

"ಹಾಂಗಾರೆ ಅಡ್ಡಿ ಇಲ್ಲೆ, ಗಡಿಬಿಡಿ ಎಂತದೂ ಇಲ್ಲೆ. ನಿಧಾನ ಬಪ್ಪುಕ್ ಹೇಳ್ ಕುಷ್ಟಣ್ಣಂಗೆ."

"ಹೇಳ್ತೆ ಅಕ್ಕ" ಎಂದೆ.